ಬಾಲಿಯಲ್ಲಿ ಗೌರಮ್ಮ ಹೇಳದ ಮಾತುಗಳು

ಹೇರೋಹಳ್ಳಿ

ಬಾಲಿಗೆ ಹೋಗಿ ಬಂದೆ ಎಂದ ಕೂಡಲೆ ಎಲ್ಲರೂ ಕೇಳುವುದು ಸಮುದ್ರದ ಬಗ್ಗೆ. ನೀರು ಅಷ್ಟು ನೀಲಿಯಂತೆ, ಹೌದಾ? ಇರಬೇಕು. ಎಂಟು ದಿನ ಆ ನೀರಿನ ಪಕ್ಕದಲ್ಲೇ ಇದ್ದೆ. ಆದರೆ ನನಗೆ ನೆನಪಿರುವುದು ಒಬ್ಬ ಹೆಂಗಸಿನ ಮಂಡಿ ಮತ್ತು ನಾನು ಆಡಿದ ಎರಡು ವಾಕ್ಯ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಈ ಪ್ರವಾಸದ ವಿಷಯ ಹೇಳಿದಂತಾಗುವುದಿಲ್ಲ.

ಮೊದಲು ಗೌರಮ್ಮನವರ ಪರಿಚಯ ಆಗಬೇಕು. ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅವರ ಮನೆ ಅಲ್ಲೇ. ರಾಗಿ ಬೆಳೆಯುತ್ತಿದ್ದ ಜಮೀನು ಸೈಟುಗಳಾಗಿ ಹೋದ ಮೇಲೆ ಉಳಿದ ಒಂದು ತುಂಡಿನಲ್ಲಿ ಕಟ್ಟಡ ಎದ್ದಿದೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ನಡುವೆ ಒಂದು ಉದ್ದನೆಯ ಹಾಲ್, ಮೇಲೆ ಮನೆ. ನಡುವಯಸ್ಸಿನಲ್ಲಿ ಬೆನ್ನುನೋವಿಗೆಂದು ಯೋಗ ಕಲಿಯಲು ಹೋದ ಗೌರಮ್ಮ, ಬೆನ್ನು ಸರಿಹೋದ ಮೇಲೂ ಅದನ್ನು ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಆ ಹಾಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹೇಳಿಕೊಡುತ್ತಿದ್ದಾರೆ. ಈಗ ಅವರಿಗೆ ಅರವತ್ತನಾಲ್ಕು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಪಾಠ ಮಾಡುವಾಗ ಮಾತು ಬಹಳ ಕಡಿಮೆ. "ಉಸಿರು ಬುಡಿ." "ಸಾಕು." "ಆಗ್ಲಿಲ್ಲ ಅಂದ್ರೆ ಬುಟ್ಬುಡಿ, ಇಲ್ಲೇನು ಪರೀಕ್ಷೆ ಮಡಗಿಲ್ಲ."

ನಾನು ಅನ್ನಪೂರ್ಣೇಶ್ವರಿ ನಗರದಿಂದ ಸ್ಕೂಟರಿನಲ್ಲಿ, ರಸ್ತೆಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತಾ, ಒಂಬತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಹುಟ್ಟಿದ್ದು ದಾವಣಗೆರೆ. ಮದುವೆಯಾಗಿ ಬಂದು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದೆ. ಪರೀಕ್ಷೆಗೆ ಬರುತ್ತದೆ ಎನ್ನುವ ಭಯವಿಲ್ಲದೆ ನನ್ನ ಮಾತನ್ನು ಯಾರೂ ಬರೆದುಕೊಂಡವರಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಮುಂದೆ ಆದದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ಹೇಳುತ್ತಿದ್ದೇನೆ.

ನಮ್ಮ ಕ್ಲಾಸಿಗೆ ತಾಯಿಯ ಜೊತೆ ಬರುತ್ತಿದ್ದ ಮೇಘನಾ ಎಂಬ ಹುಡುಗಿ ಈಗ ಬಾಲಿಯ ಒಂದು ಯೋಗ ಶಿಬಿರ ಕೇಂದ್ರದಲ್ಲಿ ವ್ಯವಸ್ಥೆ ನೋಡಿಕೊಳ್ಳುತ್ತಾಳೆ. ಒಂದು ವಾರ ನಮ್ಮಲ್ಲಿಗೆ ಬಂದು ಕಲಿಸಿ ಎಂದು ಅವಳು ವಿಡಿಯೋ ಕಾಲ್ ಮಾಡಿ ಕೇಳಿದಾಗ ಗೌರಮ್ಮನವರು ನನ್ನ ಕಡೆ ತಿರುಗಿದರು.

"ನಂಗೆ ಇಂಗ್ಲಿಷ್ ಬರಕಿಲ್ಲ ಕಣವ್ವ. ವಿಜಯಾ ಮೇಡಂ ಬಂದ್ರೆ ಬತ್ತೀನಿ."

"ಬರ್ಲಿ ಟೀಚರ್, ಅವರಿಗೂ ವ್ಯವಸ್ಥೆ ಮಾಡ್ತೀನಿ. ಆಮೇಲೆ, ಬಿಳಿ ಸೀರೆ ಉಡ್ತೀರಾ? ಇಲ್ಲಿಯವರಿಗೆ ಇಷ್ಟ ಆಗುತ್ತೆ."

"ಸೀರೆ ಉಟ್ಕಂಡು ಕಾಲು ಎತ್ತಕ್ಕಾಗ್ತದಾ? ಚೂಡಿದಾರ್ ಹಾಕ್ಕತ್ತೀನಿ."

ಹೀಗೆ ನಾನು ಅರವತ್ತಕ್ಕೆ ಎರಡು ವರ್ಷ ಬಾಕಿ ಇರುವಾಗ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದೆ.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಗೌರಮ್ಮನವರ ಬ್ಯಾಗು ಬಿಚ್ಚಿಸಿದರು. ಎರಡು ಕಿಲೋ ರಾಗಿಹಿಟ್ಟು, ಒಂದು ಡಬ್ಬ ಚಟ್ನಿಪುಡಿ. ಸಮವಸ್ತ್ರದ ಅಧಿಕಾರಿ ಬೂದು ಬಣ್ಣದ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ಇದೇನೆಂದು ಕೇಳಿದ. ನಾನು ಧಾನ್ಯ, ಆಹಾರ, ಕ್ಯಾಲ್ಸಿಯಂ ಎಂದೆಲ್ಲ ವಿವರಿಸುತ್ತಿದ್ದೆ. ಅವನ ಮುಖ ಸಡಿಲವಾಗಲಿಲ್ಲ. ಗೌರಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, ನುಂಗಿ, ಬಾಯಿ ತೆರೆದು ತೋರಿಸಿದರು. ಅಧಿಕಾರಿ ನಕ್ಕು ಚೀಲ ಮುಚ್ಚಿದ. ನನ್ನ ಇಂಗ್ಲಿಷಿಗೆ ಸಿಕ್ಕಿದ ಮೊದಲ ಪೆಟ್ಟು ಅದು. ಆಗ ನಾನೂ ನಕ್ಕೆ.

ಶಿಬಿರ ಇದ್ದದ್ದು ಉತ್ತರದ ಕರಾವಳಿಯ ಒಂದು ಊರಿನಲ್ಲಿ. ಬೆಟ್ಟ ಹತ್ತಿ ಇಳಿದು ಮೂರು ತಾಸಿನ ದಾರಿ. ಕಿರಿದಾದ ರಸ್ತೆ, ಎರಡೂ ಕಡೆ ಮೋಟಾರ್ ಬೈಕುಗಳ ಸಾಲು. ಒಂದೇ ಬೈಕಿನಲ್ಲಿ ಗಂಡ, ಹೆಂಡತಿ, ಮಗು ಮತ್ತು ಹಣ್ಣಿನ ಬುಟ್ಟಿ. ಅಲ್ಲಿಯವರೆಗೂ ಮಾಗಡಿ ರಸ್ತೆಯೇ ಅನ್ನಿಸುತ್ತದೆ. ಆದರೆ ಹಾರ್ನ್ ಇಲ್ಲ. ಯಾರಾದರೂ ಅಡ್ಡ ಬಂದರೆ ಡ್ರೈವರ್ ಕಾರು ನಿಲ್ಲಿಸಿ ಸುಮ್ಮನೆ ಕಾಯುತ್ತಾನೆ. ಅಡ್ಡ ಬಂದವನೂ ಅವಸರ ಮಾಡುವುದಿಲ್ಲ. "ಇವ್ರಿಗೆ ಯಾರಿಗೂ ಆಫೀಸಿಲ್ವಾ ಮೇಡಂ?" ಎಂದು ಗೌರಮ್ಮ ಕೇಳಿದರು. ದೊಡ್ಡ ಮರಗಳ ಬುಡಕ್ಕೆ ಕಪ್ಪು ಬಿಳುಪಿನ ಚೌಕಳಿ ಬಟ್ಟೆ ಉಡಿಸಿದ್ದರು. ಅಂಗಡಿಗಳ ಹೊಸ್ತಿಲ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಒಂದು ಹಿಡಿ ಅನ್ನ, ಊದುಬತ್ತಿ. ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಸಿಗರೇಟು. ದೇವರಿಗೆ ಸಿಗರೇಟು ಇಟ್ಟದ್ದಕ್ಕೆ ನನಗೆ ಆಶ್ಚರ್ಯವಾಯಿತು, ಗೌರಮ್ಮನವರಿಗೆ ಆಗಲಿಲ್ಲ. ಅವರ ಕಡೆಯ ಒಬ್ಬ ಊರದೇವರಿಗೆ ಬೀಡಿ ಇಡುತ್ತಾರಂತೆ.

ಶಿಬಿರದಲ್ಲಿ ಅಡುಗೆ ಮಾಡುವಾಕೆಯ ಹೆಸರು ಕೆತುತ್. ನಾಲ್ಕನೆಯದಾಗಿ ಹುಟ್ಟಿದವಳು ಎಂದರ್ಥ. ಅಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲೇ ಹೆಸರು. "ಐದನೇದು ಹುಟ್ಟಿದ್ರೆ?" ಎಂದು ಗೌರಮ್ಮ ಕೇಳಿಸಿದರು. ಮತ್ತೆ ಮೊದಲ ಹೆಸರಿನಿಂದ ಶುರುವಂತೆ. "ಹಂಗಾದ್ರೆ ನಮ್ಮ ಮಾವನ ಮನೇಲಿ ಮೂರು ಸುತ್ತು ಬರೋದು," ಎಂದು ಅವರು ನಕ್ಕಾಗ, ಕೆತುತ್ ನಾನು ಅನುವಾದಿಸುವ ಮೊದಲೇ ನಕ್ಕಳು. ಮಾರನೆಯ ಬೆಳಿಗ್ಗೆ ನೋಡಿದರೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ತೆಂಗಿನ ಗರಿ ಸೀಳುತ್ತಿದ್ದರು.

ಮೊದಲ ಎರಡು ದಿನ

ಶಿಬಿರಾರ್ಥಿಗಳು ಹದಿನಾಲ್ಕು ಜನ. ಬೇರೆ ಬೇರೆ ದೇಶದವರು, ಹೆಚ್ಚಿನವರು ನಡುವಯಸ್ಸು ದಾಟಿದವರು. ಎಲ್ಲರ ಕೈಯಲ್ಲೂ ಒಂದು ನೋಟ್‌ಬುಕ್. ಇಲ್ಲಿ ನಾವು ಯೋಗಕ್ಕೆ ಹೋಗುವುದು ಶುಗರ್‌ಗೆ, ಬೆನ್ನಿಗೆ, ನಿದ್ದೆಗೆ. ಆಸನದ ನಡುವೆ ಹಾಲಿನವನ ಫೋನ್ ಬಂದರೆ ಎದ್ದು ಹೋಗುತ್ತೇವೆ. ಅಲ್ಲಿನವರು ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಕೋಣೆಗೆ ಬರುವಂತೆ ಬರುತ್ತಿದ್ದರು. ಅವರನ್ನು ನೋಡಿ ಒಳಗೊಳಗೇ ನಗುವುದು ಸುಲಭವಿತ್ತು. ಆದರೆ ಮೊದಲ ಸಂಜೆ ಒಬ್ಬೊಬ್ಬರಾಗಿ ತಾವೇಕೆ ಬಂದೆವೆಂದು ಹೇಳಿಕೊಂಡಾಗ ನನ್ನ ನಗು ಅಡಗಿತು. ಒಬ್ಬಳಿಗೆ ಗರ್ಭ ನಿಲ್ಲದೆ ನಾಲ್ಕು ಸಲ ಹೋಗಿತ್ತು. ಒಬ್ಬ ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ನ್ಯೂಜಿಲೆಂಡಿನ ಮಾರ್ಗರೆಟ್ ಎಂಬ ಎತ್ತರದ, ಬೆಳ್ಳಿಗೂದಲ ಹೆಂಗಸು, "ನನ್ನ ಗಂಡ ಹೋಗಿ ಒಂದು ವರ್ಷವಾಯಿತು. ಮನೆಯಲ್ಲಿ ಸದ್ದೇ ಇಲ್ಲ," ಎಂದಷ್ಟೇ ಹೇಳಿ ಕೂತರು.

ಎಲ್ಲರೂ ಹೇಳಿ ಮುಗಿಸಿ ಗೌರಮ್ಮನವರನ್ನೇ ನೋಡುತ್ತಿದ್ದರು. ಗೌರಮ್ಮ ನನ್ನ ಕಡೆ ಬಗ್ಗಿ, "ಎಲ್ಲಾರೂ ಹೊತ್ತಿಗೆ ಸರಿಯಾಗಿ ಮಲಕ್ಕಳ್ಳಿ ಅನ್ನಿ. ಬೆಳಿಗ್ಗೆ ನೋಡುವ," ಎಂದರು.

ನನಗೆ ಅವಮಾನವಾದಂತಾಯಿತು. ಇಷ್ಟು ದೂರದಿಂದ ಬಂದು, ಇಷ್ಟು ದುಃಖ ಬಿಚ್ಚಿಟ್ಟವರಿಗೆ ಹೊತ್ತಿಗೆ ಸರಿಯಾಗಿ ಮಲಗಿ ಎನ್ನುವುದೇ? ಗೌರಮ್ಮನವರ ಮರ್ಯಾದೆ ಉಳಿಸಬೇಕೆಂದೇ ನಾನು ಬಾಯಿ ತೆರೆದೆ. "ನಿಮ್ಮ ಭಾರವನ್ನು ಈ ರಾತ್ರಿಗೆ ನೆಲದ ಮೇಲೆ ಇಡಿ. ಬೆಳಿಗ್ಗೆ ಅದನ್ನು ಎತ್ತಿಕೊಳ್ಳಲೇಬೇಕೇ ಎಂದು ಬೆಳಕನ್ನು ಕೇಳೋಣ," ಎಂದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿತ್ತು. ಹದಿನಾಲ್ಕು ಪೆನ್ನುಗಳು ಒಟ್ಟಿಗೆ ಓಡಿದವು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಗೌರಮ್ಮನವರಿಗೆ ಎಲ್ಲರೂ ಕೈ ಮುಗಿದರು, ಅವರೂ ಮುಗಿದರು.

ಆ ರುಚಿ ಹತ್ತಿತು. ಎರಡನೆಯ ದಿನ ಯಾರೋ ಈ ಆಸನದಲ್ಲಿ ಏನು ಅನುಭವವಾಗಬೇಕೆಂದು ಕೇಳಿದರು. ಗೌರಮ್ಮ ಅಂದದ್ದು, "ಏನೂ ಆಗ್ಬೇಕಿಲ್ಲ." ನಾನು ಅಂದದ್ದು, "ಅನುಭವವನ್ನು ಹುಡುಕಬೇಡಿ, ಅದು ನಿಮ್ಮನ್ನು ಹುಡುಕಿಕೊಂಡು ಬರಲಿ." ಸತ್ತ ಮೇಲೆ ಏನೆಂದು ಕೇಳಿದವರಿಗೆ ಅವರು, "ನಂಗೊತ್ತಿಲ್ಲ ಅನ್ನಿ," ಎಂದರೆ ನಾನು ನದಿ, ಮೋಡ, ಮಳೆ ಎಂದು ಐದು ನಿಮಿಷ ಮಾತಾಡಿದೆ. ಹಾಗೆ ಮಾತಾಡುತ್ತಿರುವಾಗಲೇ ಮೇಲಿನ ತೊಲೆಯಲ್ಲಿ ಹಲ್ಲಿ ಲೊಚಗುಟ್ಟಿತು. ಗೌರಮ್ಮ ಅಭ್ಯಾಸಬಲದಿಂದ ಬೆರಳಿನಲ್ಲಿ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದರು. ಹದಿನಾಲ್ಕು ಜನವೂ ನೆಲ ತಟ್ಟಿ "ಕ್ರಿಶ್ನಾ ಕ್ರಿಶ್ನಾ" ಎಂದರು. ಆಮೇಲೆ ಶಿಬಿರ ಮುಗಿಯುವವರೆಗೂ ಹಲ್ಲಿ ಸದ್ದು ಮಾಡಿದಾಗಲೆಲ್ಲ ಎಲ್ಲರೂ ಮಾಡುತ್ತಿದ್ದದ್ದನ್ನು ಬಿಟ್ಟು ನೆಲ ತಟ್ಟುತ್ತಿದ್ದರು.

ಆ ರಾತ್ರಿ ಊಟ ಮಾಡುವಾಗ ಗೌರಮ್ಮ ಕೇಳಿದರು. "ನಾನು ಎರಡು ಮಾತಾಡಿದ್ರೆ ನೀವು ಇಪ್ಪತ್ತು ಆಡ್ತೀರಲ್ಲ ಮೇಡಂ. ಇಂಗ್ಲಿಷು ಅಷ್ಟು ಉದ್ದನಾ?"

"ಸ್ವಲ್ಪ ಬಿಡಿಸಿ ಹೇಳ್ಬೇಕಾಗುತ್ತೆ ಗೌರಮ್ಮನವ್ರೇ. ಅವರಿಗೆ ನಮ್ಮ ಹಿನ್ನೆಲೆ ಗೊತ್ತಿರಲ್ವಲ್ಲ."

"ಹೌದೇನೋ," ಎಂದು ಅವರು ಮುದ್ದೆ ಮುರಿದರು. ಕೆತುತ್‌ಗೂ ಒಂದು ಮುದ್ದೆ ಮಾಡಿ ಕೊಟ್ಟಿದ್ದರು. ಅವಳು ಅದನ್ನು ಅಗಿಯುತ್ತಿದ್ದುದನ್ನು ನೋಡಿ, ನುಂಗಬೇಕೆಂದು ಗಂಟಲು ಮುಟ್ಟಿ ತೋರಿಸುತ್ತಿದ್ದರು.

ನಾಲ್ಕನೆಯ ದಿನ

ಸಮುದ್ರದ ಕಡೆ ಗೋಡೆಯಿಲ್ಲದ, ಹುಲ್ಲಿನ ಮಾಡಿನ ಚಾವಡಿಯಲ್ಲಿ ತರಗತಿ. ಅಂದು ಪದ್ಮಾಸನ. ಗೌರಮ್ಮ ಮೊದಲೇ, "ಯಾರಿಗೆ ಬರ್ತದೋ ಅವ್ರು ಮಾತ್ರ. ಉಳಿದೋರು ಸುಮ್ನೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಕಳ್ಳಿ," ಎಂದಿದ್ದರು. ಅದನ್ನು ಸರಿಯಾಗಿಯೇ ಹೇಳಿದ್ದೆ.

ಮಾರ್ಗರೆಟ್ ಬಲಗಾಲನ್ನು ಎಡತೊಡೆಯ ಮೇಲೆ ಎಳೆದು ಇಟ್ಟುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಕೈ ಎತ್ತಿ, "ಮಂಡಿಯ ಒಳಭಾಗದಲ್ಲಿ ನೋಯುತ್ತಿದೆ. ಮುಂದುವರಿಸಲೇ?" ಎಂದು ಕೇಳಿದರು.

ಗೌರಮ್ಮ ಎರಡು ಸಾಲು ದೂರದಿಂದ ಕಾಲನ್ನು ನೋಡಿ, "ಬುಟ್ಬುಡಕ್ಕೆ ಹೇಳಿ. ಆ ಮಂಡಿ ಸರಿ ಇಲ್ಲ. ಕುರ್ಚಿ ಮೇಲೆ ಕೂತ್ಕಳ್ಲಿ," ಎಂದು ಬೇರೆಯವರ ಬೆನ್ನು ನೇರ ಮಾಡಲು ತಿರುಗಿದರು.

ಅಷ್ಟು ಸಾಕಿತ್ತು. ಕಾಲು ತೆಗೆಯಿರಿ, ಕುರ್ಚಿಯ ಮೇಲೆ ಕೂರಿ. ಆರನೆಯ ತರಗತಿಯ ಇಂಗ್ಲಿಷು. ಆದರೆ ಹದಿನಾಲ್ಕು ಮುಖಗಳು ನನ್ನ ಕಡೆ ತಿರುಗಿದ್ದವು, ಮಾರ್ಗರೆಟ್ ಅವರ ಕಣ್ಣು ತುಂಬಿತ್ತು, ಅವರು ಕೇಳಿದ್ದು ಮಂಡಿಯ ವಿಷಯವಲ್ಲ, ಗಂಡನ ವಿಷಯ ಎಂದು ನನಗೆ ನಾನೇ ಅಂದುಕೊಂಡೆ. "ನೋವು ಬಂದಾಗ ನೆಂಟರು ಬಂದಂತೆ ಅದರ ಜೊತೆ ಕುಳಿತುಕೊಳ್ಳಿ. ಸಮಯ ಬಂದಾಗ, ನೀವು ಅದನ್ನು ಆಗಲೇ ಬಿಟ್ಟುಬಿಟ್ಟಿದ್ದೀರೆಂದು ನಿಮಗೇ ತಿಳಿಯುತ್ತದೆ," ಎಂದೆ. ಗೌರಮ್ಮ ಬಿಡಲು ಹೇಳಿದ್ದು ಕಾಲನ್ನು.

ಮಾರ್ಗರೆಟ್ ತಲೆಯಾಡಿಸಿ ಕಣ್ಣು ಮುಚ್ಚಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಅದನ್ನು ನೋಡುತ್ತಾ ನಿಂತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗುತ್ತಿತ್ತು.

ಐದಾರು ನಿಮಿಷವಾದ ಮೇಲೆ ಎಲ್ಲರೂ ಕಾಲು ಬಿಡಿಸಿದರು. ಮಾರ್ಗರೆಟ್ ಕೈಯಿಂದ ಕಾಲೆತ್ತಲು ಹೋದರು. ಒಂದು ಸದ್ದು ಬಂತು, ತೆಂಗಿನ ಚಿಪ್ಪು ಒಡೆದ ಹಾಗೆ. ಆಮೇಲೆ ಅವರ ಕೂಗು. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮಡಚಲೂ ಆಗದು, ಚಾಚಲೂ ಆಗದು.

ಗೌರಮ್ಮ ಓಡಿ ಬಂದು ನೆಲದ ಮೇಲೆ ಕೂತು, ಆ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದರು. "ನಾನು ತೆಗೀರಿ ಅಂದೆನಲ್ಲ ಮೇಡಂ! ನೀವು ಹೇಳ್ಲಿಲ್ವಾ?"

"ಹೇಳ್ದೆ," ಎಂದೆ. "ಅವರೇ ಕೇಳ್ಲಿಲ್ಲ."

ಸುತ್ತ ಕನ್ನಡ ಬರುತ್ತಿದ್ದದ್ದು ಮೇಘನಾ ಒಬ್ಬಳಿಗೆ. ಪಾಠ, ಮಾತುಕತೆಯ ಹೊತ್ತಿಗೆಲ್ಲ ಆಫೀಸಿನಲ್ಲಿರುತ್ತಿದ್ದ ಅವಳು, ಕೂಗು ಕೇಳಿ ಬಂದು ಐಸ್ ತರಲು ಓಡಿದ್ದಳು.

ಆಸ್ಪತ್ರೆಯ ಊರು

ಒಂದು ತಾಸು ದೂರದ ಊರಿನಲ್ಲಿ ಆಸ್ಪತ್ರೆ. ದಾರಿಯುದ್ದಕ್ಕೂ ಗೌರಮ್ಮ ಹಿಂದಿನ ಸೀಟಿನಲ್ಲಿ ಮಾರ್ಗರೆಟ್ ಅವರ ಪಾದ ಹಿಡಿದುಕೊಂಡು ಕೂತಿದ್ದರು. ಕಾರು ಕುಲುಕಿದಾಗಲೆಲ್ಲ "ಆಯ್ತು, ಆಯ್ತು" ಎನ್ನುತ್ತಿದ್ದರು. ಮುಂದಿನ ಸೀಟಿನಲ್ಲಿ ನಾನು. ಹಿಂದೆ ತಿರುಗಿ ನೋಡಲಿಲ್ಲ.

ಡಾಕ್ಟರು ಎಕ್ಸ್‌ರೇ ತೆಗೆಸಿ, ಮಂಡಿಯ ಒಳಗಿನ ಮೆತ್ತೆ ಹರಿದಿರಬೇಕು, ಊರಿಗೆ ಹೋದ ಮೇಲೆ ಬಹುಶಃ ಆಪರೇಷನ್ ಬೇಕಾಗುತ್ತದೆ ಎಂದರು. ಮೊದಲಿಂದಲೂ ಸವೆದಿದ್ದ ಮಂಡಿ. ನೋವಿಗೆ ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಮೇಘನಾ ಕಾಗದಪತ್ರ ತುಂಬಲು ಹೋದಳು. ಕೋಣೆಯಲ್ಲಿ ನಾವು ಮೂವರೇ ಉಳಿದೆವು.

ಮಾರ್ಗರೆಟ್ ಗೌರಮ್ಮನವರ ಕೈ ಹಿಡಿದು, ನನ್ನ ಕಡೆ ನೋಡಿ ಹೇಳಿದರು. "ಅವರಿಗೆ ತಿಳಿಸಿ, ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರು ಹೇಳಿದ ಹಾಗೇ ಮಾಡಿದೆ. ನೋವಿನ ಜೊತೆ ಕೂತೆ. ಸ್ವಲ್ಪ ಹೆಚ್ಚು ಹೊತ್ತು ಕೂತುಬಿಟ್ಟೆನೋ ಏನೋ."

"ಏನಂತೆ?" ಎಂದರು ಗೌರಮ್ಮ.

ಆ ಕ್ಷಣದಲ್ಲೇ ನನಗೆ ಎಷ್ಟೋ ಅನುವಾದಗಳು ಹೊಳೆದವು. ಸಿಟ್ಟಿಲ್ಲವಂತೆ ಎಂದು ನಿಲ್ಲಿಸಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಬೇಗ ವಾಸಿಯಾಗುತ್ತದಂತೆ ಎನ್ನಬಹುದಿತ್ತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ನನ್ನನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಇಬ್ಬರೂ ನನ್ನನ್ನು ಪೂರ್ತಿ ನಂಬಿದ್ದರು.

"ನೀವು ಹೇಳಿದ ಹಾಗೇ ಮಾಡಿದ್ರಂತೆ," ಎಂದೆ. "ನೋವಾದ್ರೂ ಹಾಗೇ ಕೂತ್ಕೊಳ್ಳಿ ಅಂದ್ರಂತೆ ನೀವು."

ಗೌರಮ್ಮ ಮಾರ್ಗರೆಟ್ ಅವರ ಕೈ ಬಿಡದೆ ನನ್ನ ಕಡೆ ತಿರುಗಿದರು. "ಬೆಳಿಗ್ಗೆ, ಹೇಳ್ದೆ ಅಂದ್ರಲ್ಲ ನೀವು?"

"ಹೇಳಿರ್ಲಿಲ್ಲ."

"ಅವರೇ ಕೇಳ್ಲಿಲ್ಲ ಅಂದ್ರಿ."

"ಸುಳ್ಳು ಹೇಳಿದ್ದು ಗೌರಮ್ಮನವ್ರೇ. ನಾನೇ ಏನೋ ಚೆಂದ ಇರ್ಲಿ ಅಂತ ಬೇರೆ ಹೇಳ್ಬಿಟ್ಟೆ. ಮೊದಲ ದಿನದಿಂದ್ಲೂ ಹಂಗೇ ಮಾಡಿದೀನಿ."

ನನ್ನ ಬಾಯಿಂದ ದಾವಣಗೆರೆಯ ಮಾತು ಹೊರಗೆ ಬರುವುದು ಹೆದರಿದಾಗ ಮಾತ್ರ. ಗೌರಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. "ನಂಗೆ ಹೇಳಿದ್ದು ಸಾಕು. ಈಗ ಅವ್ರಿಗೆ ಹೇಳಿ," ಎಂದರು.

ಹೇಳಿದೆ. ಇಂಗ್ಲಿಷಿನಲ್ಲಿ ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ, ಕ್ರಿಯಾಪದಗಳೆಲ್ಲ ತಪ್ಪುತ್ತಿದ್ದವು. ಮಾರ್ಗರೆಟ್ ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೇಳಿದರು, "ಹಾಗಾದರೆ ಅವರು ನಿಜವಾಗಿ ಏನು ಹೇಳಿದರು?"

"ಕಾಲು ತೆಗೆಯಿರಿ. ಕುರ್ಚಿಯ ಮೇಲೆ ಕೂರಿ. ಅಷ್ಟೇ."

ಅವರು ಚಾವಣಿ ನೋಡುತ್ತಾ ಮಲಗಿದರು. "ನಾನು ಮೂವತ್ತೈದು ವರ್ಷ ನರ್ಸ್ ಆಗಿದ್ದೆ," ಎಂದರು. "ಬೇರೆ ಯಾರಿಗಾದರೂ ನಾನೂ ಅದನ್ನೇ ಹೇಳುತ್ತಿದ್ದೆ. ನನಗೆ ಗೊತ್ತಿತ್ತು. ಆದರೆ ಸಹಿಸು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆನೇನೋ. ನೀವು ಹೇಳಿದಿರಿ." ಆಮೇಲೆ ನನ್ನ ಮುಖ ನೋಡದೆ, "ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ಇರಿ. ನೀವು ಮಾತ್ರ. ಅವರು ಇರಲಿ," ಎಂದರು.

ಗೌರಮ್ಮನವರಿಗೆ ಅದನ್ನೂ ಅನುವಾದಿಸಿ ಹೊರಗೆ ಬಂದೆ. ಆಸ್ಪತ್ರೆಯ ಎದುರು ಸಮುದ್ರದ ಕಟ್ಟೆ, ಕೆಳಗೆ ಕರೀ ಮರಳು. ಅಲ್ಲಿ ಒಬ್ಬ ಮುದುಕ ಬಲೆ ಹೊಲಿಯುತ್ತಿದ್ದ. ನನ್ನನ್ನು ನೋಡಿ ಜಾಗ ಬಿಟ್ಟು ಸರಿದು ಕೂತ. ಅರ್ಧ ಗಂಟೆಯ ಮೇಲಾಯಿತು. ಕಿಟಕಿ ತೆರೆದೇ ಇತ್ತು. ಒಳಗಿಂದ ಗೌರಮ್ಮನವರ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ಮಾರ್ಗರೆಟ್ ಅವರ ದನಿ. ಮತ್ತೆ ಗೌರಮ್ಮ, ಬಹಳ ಹೊತ್ತು. ಒಂಬತ್ತು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ವಾಪಸು ಬರುವಾಗ

ಮಾರ್ಗರೆಟ್ ಅವರನ್ನು ಶಿಬಿರ ಮುಗಿಯುವವರೆಗೂ ಅಲ್ಲೇ ಇರಿಸಿಕೊಂಡರು. ಕಾರಿನಲ್ಲಿ ಮೇಘನಾಳಿಗೂ ಎಲ್ಲ ಹೇಳಿದೆ. ಅವಳು ಅತ್ತಳು. "ಟೀಚರ್‌ನ ನಂಬಿ ಕರೆಸಿದೆ ಆಂಟಿ. ನಿಮ್ಮ ಮಾತು ಕೇಳೋಕೆ ಕರೆಸ್ಲಿಲ್ಲ ನಾನು. ನಾಳೆ ಎಲ್ಲರೂ ಟೀಚರ್‌ನೇ ಅಂತಾರೆ, ನಿಮ್ಮನ್ನಲ್ಲ," ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಬೆಟ್ಟದ ತಿರುವಿನಲ್ಲಿ ಗೌರಮ್ಮ ಕೇಳಿದರು, "ಇಷ್ಟು ದಿನ ನಾನು ಏನೇನು ಹೇಳಿವ್ನಿ? ಹೇಳಿ, ಕೇಳುವ."

ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಬೆಳಕನ್ನು ಕೇಳುವುದು, ಹುಡುಕಿಕೊಂಡು ಬರುವ ಅನುಭವ, ನದಿ, ಮೋಡ. ಇಂಗ್ಲಿಷಿನಲ್ಲಿ ಮಿನುಗುತ್ತಿದ್ದ ಮಾತುಗಳು ಕನ್ನಡಕ್ಕೆ ಬಂದ ಕೂಡಲೆ ಮದುವೆ ಮಂಟಪದ ಥರ್ಮಾಕೋಲ್ ಕಂಬದ ಹಾಗೆ ಕಂಡವು. ಗೌರಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು.

"ಒಂದೆರಡು ಚೆನ್ನಾಗವೆ," ಎಂದರು. "ನಿಮ್ಮ ಮಾತು ಅಂತ್ಲೇ ಹೇಳಿದ್ರೆ ಯಾರು ಬ್ಯಾಡ ಅಂತಿದ್ರು ಮೇಡಂ? ನನ್ನ ಬಾಯಿ ಯಾಕೆ ಬೇಕಿತ್ತು?"

ನಾನು ಬಾಯಿ ಬಿಟ್ಟು ಹೇಳಿದರೆ ಅದು ಅನ್ನಪೂರ್ಣೇಶ್ವರಿ ನಗರದ ಒಬ್ಬ ನಿವೃತ್ತ ಮೇಷ್ಟ್ರಮ್ಮನ ಮಾತು. ಕೈಮುಗಿದು ಕೂತ ಹಳ್ಳಿಯ ಹೆಂಗಸಿನ ಬಾಯಲ್ಲಿ ಹಾಕಿದರೆ ಜ್ಞಾನ. ಇಷ್ಟು ನನಗೆ ಗೊತ್ತಿದ್ದೇ ಮಾಡಿದೆ ಎಂದು ಈಗ ಅನ್ನಿಸುತ್ತದೆ.

ಐದನೆಯ ದಿನ

ಬೆಳಿಗ್ಗೆ ತರಗತಿಗೆ ಮೊದಲು ಹದಿಮೂರು ಜನರ ಎದುರು ನಿಂತು ನಡೆದದ್ದನ್ನು ಹೇಳಿದೆ. ಗೌರಮ್ಮ ಪಕ್ಕದಲ್ಲೇ ಕೂತಿದ್ದರು.

ಕುಡಿತ ಬಿಟ್ಟಿದ್ದಾತ ಎದ್ದು ಹೊರಗೆ ಹೋದ. ಗರ್ಭ ನಿಲ್ಲದ ಹುಡುಗಿ, "ಮೊದಲ ರಾತ್ರಿಯ ಮಾತು ಕೇಳಿ ನಾನು ಎಷ್ಟೋ ತಿಂಗಳ ಮೇಲೆ ನಿದ್ದೆ ಮಾಡಿದೆ. ಅದನ್ನೂ ಈಗ ವಾಪಸು ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದಳು. ದಪ್ಪ ಕನ್ನಡಕದ ಒಬ್ಬ ಡಚ್ ಮನುಷ್ಯ ಬಂದು ತನ್ನ ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟ. "ಇದರಲ್ಲಿ ಅವರದು ಯಾವುದು, ನಿಮ್ಮದು ಯಾವುದು, ಗುರುತು ಮಾಡಿಕೊಡಿ," ಎಂದ. ವ್ಯಂಗ್ಯವಿರಲಿಲ್ಲ, ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

ಅವನ ಹಿಂದೆ ಇನ್ನೂ ಎಂಟು ಜನ ನಿಂತರು. ಜೀವನವಿಡೀ ಬೇರೆಯವರ ಪುಸ್ತಕ ತಿದ್ದಿದವಳು ನಾನು. ಆ ಬೆಳಿಗ್ಗೆ ಒಂಬತ್ತು ಪುಸ್ತಕಗಳಲ್ಲಿ ನನ್ನನ್ನೇ ಹೊಡೆದು ಹಾಕಿದೆ. ಗೌರಮ್ಮನವರದೆಂದು ಉಳಿದ ಸಾಲುಗಳು ಬಹಳ ಇರಲಿಲ್ಲ. ಉಸಿರು ಬಿಡಿ. ಅವಸರ ಬೇಡ. ನೀರು ಕುಡಿದು ಬನ್ನಿ. ಕತ್ತು ಎಳೆಯಬೇಡಿ, ಅದು ಹಗ್ಗ ಅಲ್ಲ. ಆ ಹುಡುಗಿ ಮಾತ್ರ ತನ್ನ ಪುಸ್ತಕ ಕೊಡಲಿಲ್ಲ.

ಆಮೇಲೆ ತರಗತಿ ನಡೆಯಿತು. ಅವರು ಹೇಳಿದಷ್ಟೇ ಹೇಳಿದೆ. ನಡುವಿನ ಮೌನ ನನಗೆ ಹಿಂಸೆಯಾಗುತ್ತಿತ್ತು. ಅಲೆಯ ಸದ್ದು, ಯಾರದೋ ಮೂಳೆ ಲಟಕ್ ಎಂದದ್ದು, ಅಡುಗೆಮನೆಯಲ್ಲಿ ಕೆತುತ್ ತೆಂಗಿನಕಾಯಿ ತುರಿಯುವುದು, ಎಲ್ಲ ಕೇಳಿಸುತ್ತಿತ್ತು. ಇಬ್ಬರು ಆ ದಿನವೇ ಶಿಬಿರ ಬಿಟ್ಟು ಹೊರಟರು. ಎದ್ದು ಹೋಗಿದ್ದಾತ ಸಂಜೆ ಮರಳಿ ಬಂದು, ಹಿಂದಿನ ಸಾಲಿನಲ್ಲಿ ಕೂತ. ಕೇಂದ್ರದವರು ಮೇಘನಾಳಿಗೆ ನಾಲ್ಕು ಮಾತು ಬಿಗಿಯಾಗಿಯೇ ಅಂದರಂತೆ, ಕೆಲಸವೇನೂ ಹೋಗಲಿಲ್ಲ. ಅವಳು ಈಗಲೂ ಗೌರಮ್ಮನವರಿಗೆ ಫೋನ್ ಮಾಡುತ್ತಾಳೆ. ನನಗೆ ಮಾಡುವುದಿಲ್ಲ.

ಹೊರಡುವ ಬೆಳಿಗ್ಗೆ

ಮಾರ್ಗರೆಟ್ ತಮ್ಮ ಸಾಮಾನು ತೆಗೆದುಕೊಳ್ಳಲು ಕಾರಿನಲ್ಲಿ ಬಂದರು. ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ. ಇಳಿಯಲಾಗದೆ ಹಿಂದಿನ ಸೀಟಿನಲ್ಲಿ ಕಾ‍ಲು ಚಾಚಿ ಕೂತಿದ್ದರು. ಕೆತುತ್ ಹೂವಿನ ತಟ್ಟೆಯನ್ನು ಕಾರಿನ ಮುಂದೆ ಇಟ್ಟು ನೀರು ಚಿಮುಕಿಸಿದಳು. ಗೌರಮ್ಮ ಕಿಟಕಿಯೊಳಗೆ ಕೈ ಹಾಕಿ ಮಾರ್ಗರೆಟ್ ಅವರ ಕೆನ್ನೆ ಸವರಿ, ನಮ್ಮ ಕಡೆ ಮಾಡುವ ಹಾಗೆ ಬೆರಳುಗಳನ್ನು ತಮ್ಮ ಹಣೆಗೆ ಒತ್ತಿ ನೆಟಿಗೆ ಮುರಿದರು.

ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಮಾರ್ಗರೆಟ್ ನನ್ನನ್ನು ಹತ್ತಿರ ಕರೆದರು.

"ಅವತ್ತು ಆಸ್ಪತ್ರೆಯಲ್ಲಿ ಅವರು ನನಗೆ ಬಹಳ ಹೊತ್ತು ಏನೋ ಹೇಳಿದರು," ಎಂದರು. "ನಾನೂ ನನ್ನ ಗಂಡನ ಕೊನೆಯ ದಿನದ ವಿಷಯ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಅತ್ತರು, ನಾನೂ ಅತ್ತೆ. ಒಂದು ಶಬ್ದವೂ ಅರ್ಥವಾಗಲಿಲ್ಲ." ಕಿಟಕಿಯ ಅಂಚು ಹಿಡಿದು ನನ್ನ ಕಡೆ ಬಗ್ಗಿದರು. "ಅವರು ನಿಮಗೆ ಅದನ್ನು ಹೇಳಿದ್ದಾರೆಯೇ?"

"ಇಲ್ಲ."

"ಹಾಗಾದರೆ ಕೇಳಬೇಡಿ. ನನಗೆ ಅದರ ಅನುವಾದ ಬೇಡ. ನಿಮಗೂ ಹೇಳಬಾರದೆಂದು ಅವರಿಗೆ ತಿಳಿಸಿ."

ಕ್ಷಮೆ ಕೇಳಲು ಇನ್ನೊಮ್ಮೆ ಬಾಯಿ ತೆರೆದೆ. ಅವರು ತಲೆಯಾಡಿಸಿದರು, ಬೇಡವೆಂದೋ ಆಯಿತೆಂದೋ ನನಗೆ ತಿಳಿಯಲಿಲ್ಲ. ಕಾರು ತೆಂಗಿನ ಸಾಲಿನ ನಡುವೆ ನಿಧಾನವಾಗಿ ಹೋಯಿತು. ಗೇಟಿನ ಬಳಿ ನಾಯಿಯೊಂದು ಮಲಗಿತ್ತು. ಅದು ಎದ್ದು ಹೋಗುವವರೆಗೂ ಡ್ರೈವರ್ ನಿಲ್ಲಿಸಿ ಕಾದ.

"ಏನಂದ್ರು?" ಎಂದು ಗೌರಮ್ಮ ಕೇಳಿದರು.

"ಅವತ್ತು ನೀವು ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳೋದು ಬೇಡವಂತೆ. ನನಗೂ ಹೇಳ್ಬೇಡಿ ಅಂತ ನಿಮಗೆ ತಿಳಿಸ್ಬೇಕಂತೆ."

ಗೌರಮ್ಮ ಕಾರು ಹೋದ ಕಡೆಯೇ ನೋಡುತ್ತಾ ನಿಂತಿದ್ದರು. "ಹೇಳಕಿಲ್ಲ ಬುಡಿ," ಎಂದು ದುಪ್ಪಟ್ಟಾದಿಂದ ಮುಖ ಒರೆಸಿಕೊಂಡು ಬಟ್ಟೆ ಜೋಡಿಸಲು ಒಳಗೆ ಹೋದರು.

ಇದುವರೆಗೆ ಅವರು ಹೇಳಿಲ್ಲ. ನಾನೂ ಕೇಳಿಲ್ಲ.